ಕೂತ ಹೊತ್ತು: ಗೇಮ್ ಆಡಿದ್ರೆ ಮಕ್ಕಳು ದಪ್ಪ ಆಗ್ತಾರಾ?

ಶಿರಸಿ ಹತ್ತಿರದ ನಮ್ಮ ಅಕ್ಕನ ಮನೆಯಲ್ಲಿ 2020ರಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಒಂದೇ ಜಾಗದಲ್ಲಿ. ಮನೆ ಹಿಂದಿನ ಬೆಟ್ಟದ ತುದಿಯಲ್ಲಿ. ಅಕ್ಕನ ಮಗ ಆನ್‌ಲೈನ್ ಕ್ಲಾಸಿಗೆ ಅಲ್ಲಿಗೇ ಹತ್ತುತ್ತಿದ್ದ. ಕ್ಲಾಸ್ ಮುಗಿದ ಮೇಲೆ ಗೇಮ್ ಕೂಡ ಅಲ್ಲೇ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್, ಕಾಲಿಗೆ ಹತ್ತಿದ ಉಂಬಳ ಕಿತ್ತು ಒಗೆಯುತ್ತಾ ಆಡುತ್ತಿದ್ದ. ಚಾರ್ಜ್ ಮುಗಿದರೆ ಕೆಳಗೆ ಇಳಿಯಬೇಕು, ಚಾರ್ಜ್ ಆದ ಮೇಲೆ ಮತ್ತೆ ಹತ್ತಬೇಕು. ಆಗ ಹುಡುಗ ಕಡ್ಡಿ ಹಾಗಿದ್ದ.

ಮುಂದೆ ಮನೆಗೆ ವೈಫೈ ಬಂತು. ಗೇಮ್ ಬೆಟ್ಟ ಇಳಿದು ಜಗುಲಿಯ ಕುರ್ಚಿಗೆ ಬಂತು. ಎರಡು ವರ್ಷದಲ್ಲಿ ಅವನ ಶಾಲೆಯ ಪ್ಯಾಂಟ್ ಎರಡು ಸಲ ಬದಲಾಯಿತು, ಉದ್ದ ಸಾಲದೆ ಅಲ್ಲ, ಸೊಂಟ ಸಾಲದೆ. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 'ಗೇಮ್ ಆಡಿ ಆಡಿ ಹಿಂಗಾಗಿದ್ದು.' ಅಲ್ಲಾ, ಬೆಟ್ಟದ ಮೇಲೆ ಆಡಿದ್ದೂ ಅದೇ ಗೇಮ್ ಅಲ್ವಾ?

ಈ ಪ್ರಶ್ನೆಗೆ ಉತ್ತರ ಬೇಕಂದರೆ 'ಸ್ಕ್ರೀನ್ ಟೈಮ್' ಅನ್ನೋ ಪದ ಸಾಲುವುದಿಲ್ಲ. ಅದು ಕಣ್ಣು ಎಲ್ಲಿತ್ತು ಅಂತ ಹೇಳುತ್ತದೆ, ದೇಹ ಏನು ಮಾಡುತ್ತಿತ್ತು ಅಂತ ಹೇಳೋದಿಲ್ಲ. ದೇಹದ ಲೆಕ್ಕಕ್ಕೆ ಸಂಶೋಧಕರು ಬಳಸುವ ಪದ 'ಸೆಡೆಂಟರಿ'. ಲ್ಯಾಟಿನ್‌ನ 'ಸೆಡೆರೆ', ಅಂದರೆ ಕೂರು ಅನ್ನೋ ಮಾತಿನಿಂದ ಬಂದದ್ದು. ನಮ್ಮ ಪತ್ರಿಕೆಗಳಲ್ಲಿ ಇದಕ್ಕೆ 'ಜಡ ಜೀವನಶೈಲಿ' ಅಂತ ಬರೆಯುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಜಡ ಅಂದ ಕೂಡಲೇ ಬೈದ ಹಾಗಾಗುತ್ತದೆ. ಲೆಕ್ಕ ಬರೆಯುವ ಬ್ಯಾಂಕಿನವರೂ ಕೂತೇ ಇರುತ್ತಾರೆ, ಅವರನ್ನು ಜಡ ಅನ್ನೋಕಾಗುತ್ತಾ? ಸುಮ್ನೆ 'ಕೂತ ಹೊತ್ತು' ಅಂದರೆ ಸಾಕು.

ಇದಕ್ಕೆ ಒಂದು ಅಳತೆ ಇದೆ. ಏನೂ ಮಾಡದೆ ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಗೆ 1 ಮೆಟ್ ಅಂತ ಹೆಸರು. ದೊಡ್ಡವರಲ್ಲಿ ಇದು ಗಂಟೆಗೆ, ಪ್ರತಿ ಕಿಲೋ ತೂಕಕ್ಕೆ ಸುಮಾರು 1 ಕ್ಯಾಲೊರಿ. ಎಚ್ಚರವಿದ್ದಾಗ, ಕೂತೋ ಒರಗಿಯೋ ಮಲಗಿಯೋ, 1.5 ಮೆಟ್ ಅಥವಾ ಅದಕ್ಕಿಂತ ಕಡಿಮೆ ಖರ್ಚಾಗುವ ಹೊತ್ತೆಲ್ಲ ಕೂತ ಹೊತ್ತು. ನಿದ್ದೆ ಇದರಲ್ಲಿ ಸೇರುವುದಿಲ್ಲ. ಕುರ್ಚಿಯಲ್ಲಿ ಕೂತು ಬೆರಳಲ್ಲಿ ಆಡುವ ಗೇಮ್ ಸಾಮಾನ್ಯವಾಗಿ ಈ ಗೆರೆಯೊಳಗೇ ಬರುತ್ತದೆ, ಪರದೆ ಮೇಲೆ ಎಷ್ಟೇ ಓಡಾಟ, ಗುಂಡಿನ ಸದ್ದು ಇದ್ದರೂ. ಸುಮ್ಮನೆ ಆಡುವ ಫುಟ್‌ಬಾಲ್ 7 ಮೆಟ್ ಹತ್ತಿರ.

ಒಂದು ವಿಷಯ ಗಮನಿಸಬೇಕು. ಕೂತ ಹೊತ್ತು ಜಾಸ್ತಿ ಇರೋದು ಬೇರೆ, ಆಟ ಕಡಿಮೆ ಇರೋದು ಬೇರೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಂತೆ ಮೈ ಕುಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಕೂತ ಹೊತ್ತನ್ನು ಕಡಿಮೆ ಮಾಡಿ ಅಂತಲೂ ಹೇಳಿತು, ಆದರೆ ಅದಕ್ಕೆ ಇಷ್ಟೇ ಗಂಟೆ ಅಂತ ಗೆರೆ ಎಳೆಯಲಿಲ್ಲ. ಸಂಜೆ ಒಂದು ಗಂಟೆ ಫುಟ್‌ಬಾಲ್ ಆಡಿ ಉಳಿದ ಹತ್ತು ಗಂಟೆ ಕೂತೇ ಇರುವ ಹುಡುಗ ಸಾಕಷ್ಟು ಆಡುವವರ ಪಟ್ಟಿಯಲ್ಲೂ ಇರುತ್ತಾನೆ, ಜಾಸ್ತಿ ಕೂರುವವರ ಪಟ್ಟಿಯಲ್ಲೂ ಇರುತ್ತಾನೆ.

ಹಾಗಾದರೆ ಗೇಮ್ ದಪ್ಪ ಮಾಡುತ್ತಾ? ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು 2004ರಲ್ಲಿ ಲೆಕ್ಕ ಹಾಕಿದಾಗ ಟಿವಿಗೂ ಮಕ್ಕಳ ಬೊಜ್ಜಿಗೂ ನಂಟು ಇದೆ, ಆದರೆ ಸಣ್ಣದು ಅಂತ ಕಂಡಿತು. ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಡೆದ ಪ್ರಯೋಗ. 1999ರಲ್ಲಿ ಪ್ರಕಟವಾದದ್ದು. ಎರಡು ಪ್ರಾಥಮಿಕ ಶಾಲೆಗಳ ಮೂರನೇ, ನಾಲ್ಕನೇ ತರಗತಿ ಮಕ್ಕಳು. ಒಂದು ಶಾಲೆಯವರಿಗೆ ಟಿವಿ, ವಿಡಿಯೊ, ಗೇಮ್ ಕಡಿಮೆ ಮಾಡಲು ಕಲಿಸಿದರು. ಓಡಿ ಅನ್ನಲಿಲ್ಲ, ಕಡಿಮೆ ತಿನ್ನಿ ಅನ್ನಲಿಲ್ಲ. ಆ ಮಕ್ಕಳ ತೂಕ ಇನ್ನೊಂದು ಶಾಲೆಯವರಷ್ಟು ವೇಗದಲ್ಲಿ ಏರಲಿಲ್ಲ. ತಮಾಷೆ ಅಂದರೆ ಅವರು ಹೆಚ್ಚು ಆಟವಾಡಿದ್ದೇನೂ ಲೆಕ್ಕಕ್ಕೆ ಸಿಗಲಿಲ್ಲ. ಕಡಿಮೆಯಾದದ್ದು ಟಿವಿ ಮುಂದೆ ಕೂತು ಉಣ್ಣೋದು.

ಅಂದರೆ ಕೂತದ್ದಕ್ಕಿಂತ, ಕೂತಾಗ ಬಾಯಿಗೆ ಹೋದದ್ದರ ಮೇಲೆ ಅನುಮಾನ. ಇನ್ನೊಂದು ಪ್ರಯೋಗ, 2011ರದ್ದು, ಇದನ್ನೇ ಹತ್ತಿರದಿಂದ ನೋಡಿತು. ಹದಿಹರೆಯದ 22 ಹುಡುಗರು. ಒಂದು ದಿನ ಒಂದು ಗಂಟೆ ಗೇಮ್, ಇನ್ನೊಂದು ದಿನ ಒಂದು ಗಂಟೆ ಸುಮ್ಮನೆ ಕೂರೋದು. ಆಮೇಲೆ ಎಷ್ಟು ಬೇಕೋ ಅಷ್ಟು ಊಟ. ಗೇಮ್ ಆಡುವಾಗ ಮೈ ಸ್ವಲ್ಪ ಹೆಚ್ಚೇ ಶಕ್ತಿ ಸುಟ್ಟಿತ್ತು, ಸುಮಾರು 20 ಕ್ಯಾಲೊರಿ. ಊಟದಲ್ಲಿ ಮಾತ್ರ ಸುಮಾರು 80 ಕ್ಯಾಲೊರಿ ಜಾಸ್ತಿ ತಿಂದರು. 80 ಅಂದರೆ ಒಂದು ತೆಳು ಚಪಾತಿ. ಅವರು ಹೇಳಿದ ಹಸಿವಿನ ಲೆಕ್ಕದಲ್ಲಿ ಮಾತ್ರ ಹೆಚ್ಚಳ ಕಾಣಲಿಲ್ಲ.

ನಮ್ಮ ಜಗುಲಿಯಲ್ಲಿ ನಾನು ನೋಡಿದ್ದೂ ಇದನ್ನೇ. ಎಡಗೈಯ ಹೆಬ್ಬೆರಳು ಪರದೆ ಮೇಲೆ, ಮ್ಯಾಚ್ ಸ್ವಲ್ಪ ತಣ್ಣಗಾದಾಗ ಬಲಗೈ ಪಕ್ಕದ ಚಿಪ್ಸ್ ಕೊಟ್ಟೆಗೆ. ಕಣ್ಣು ಕೊಟ್ಟೆ ಕಡೆ ಹೋಗುವುದೇ ಇಲ್ಲ. ಬೆರಳು ತಳ ಮುಟ್ಟಿದಾಗಷ್ಟೇ 'ಖಾಲಿ ಆಯ್ತಾ?' ಅಂತ ಬಗ್ಗಿ ನೋಡಿದ. ಆಲೂಗಡ್ಡೆ ಚಿಪ್ಸ್ 100 ಗ್ರಾಮಿಗೆ 500 ಕ್ಯಾಲೊರಿ ದಾಟುತ್ತದೆ. ಬೆಟ್ಟದ ಮೇಲೆ ಇದು ಆಗುತ್ತಿರಲಿಲ್ಲ. ಕೊಡೆ ಹಿಡಿದ ಕೈಯಲ್ಲಿ ಚಿಪ್ಸ್ ಎಲ್ಲಿ ತಿನ್ನೋದು? ಶಾಲೆ ಗೇಟಿನ 50 ಮೀಟರ್ ಒಳಗೆ ಇಂಥ ಎಣ್ಣೆ, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ 2020ರ ಕೇಂದ್ರದ ನಿಯಮವೇ ಇದೆ. ಜಗುಲಿಗೆ ಆ ನಿಯಮ ಇಲ್ಲ.

ಕೂರೋದು, ತಿನ್ನೋದು ಆಯಿತು. ಗೇಮ್ ತೂಕಕ್ಕೆ ಮುಟ್ಟುವ ಮೂರನೇ ದಾರಿ ನಿದ್ದೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ರಾತ್ರಿ ಹತ್ತಕ್ಕೆ 'ಮಲಗೋ ಮಾಣಿ' ಅಂದರೆ 'ತಡಿ ಅಮ್ಮಮ್ಮಾ, ಇನ್ನೊಂದು ಮ್ಯಾಚ್ ಇದ್ದು' ಅನ್ನುವ ಹುಡುಗನ ನಿದ್ದೆ ಎಷ್ಟು ಉಳಿಯುತ್ತದೆ ಅಂತ ನೀವೇ ಎಣಿಸಿ. ನಿದ್ದೆ ಕಡಿಮೆಯಾಗುವ ಮಕ್ಕಳಲ್ಲಿ ಬೊಜ್ಜು ಹೆಚ್ಚು ಅಂತ ಬಹಳ ಅಧ್ಯಯನಗಳು ಹೇಳುತ್ತವೆ.

ಇನ್ನು ಎದ್ದು ಕುಣಿದು ಆಡುವ ಗೇಮ್‌ಗಳು. 2006ರಲ್ಲಿ ವೀ (ಕೈ ಬೀಸಿ, ಮೈ ಆಡಿಸಿ ಆಡುವ ನಿಂಟೆಂಡೊ ಕಂಪನಿಯ ಗೇಮ್ ಯಂತ್ರ) ಬಂದಾಗ ಎಲ್ಲರೂ ಖುಷಿಪಟ್ಟರು. ಆದರೆ ಅಮೆರಿಕದಲ್ಲಿ ಮಕ್ಕಳ ಮನೆಗೆ ಅದನ್ನು ಸುಮ್ಮನೆ ಕೊಟ್ಟು ಅಳೆದಾಗ, 2012ರ ವರದಿ ಪ್ರಕಾರ, ಅವರ ಒಟ್ಟು ಚಟುವಟಿಕೆ ಏನೂ ಹೆಚ್ಚಿರಲಿಲ್ಲ.

ಗೇಮ್ ಬಂದು ಆಟದ ಬಯಲನ್ನು ಕಸಿದುಕೊಂಡಿತು ಅಂತ ಹೇಳೋದು ಸುಲಭ. ಕಾರವಾರದಲ್ಲಿ ಅದು ಸ್ವಲ್ಪ ನಿಜ ಇರಬಹುದು. ಅಲ್ಲಿ ಸಂಜೆ ಕಡಲತೀರಕ್ಕೆ ಹೋದರೆ ಚೆಂಡು ಹಿಡಿದ ಹುಡುಗರು ಸಿಗುತ್ತಾರೆ, ಮರಳಲ್ಲಿ ನಡೆಯೋಕೇ ಗಟ್ಟಿ ನೆಲಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ಬೇಕು. ಹಾಗಿದ್ದೂ ಜೂನ್ ಬಂತು ಅಂದರೆ ಆ ಬಯಲಿಗೂ ಬಾಗಿಲು. ಶಿರಸಿ ಕಡೆಯ ಹಳ್ಳಿಯ ಕಥೆ ಬೇರೆ. ತೋಟಕ್ಕೊಂದು ಮನೆ, ಮನೆಗೊಂದು ಮಗು. ಲಗೋರಿಗೆ ಎರಡು ತಂಡ ಬೇಕು. ನಮ್ಮ ಅಕ್ಕನ ಊರಲ್ಲಿ ಅವನ ವಯಸ್ಸಿನವರು ಇರೋದೇ ಮೂರು ಜನ, ಅದರಲ್ಲಿ ಒಬ್ಬ ಹುಬ್ಬಳ್ಳಿಯ ಹಾಸ್ಟೆಲಲ್ಲಿ. ಬಯಲು ಖಾಲಿಯಾದ ಮೇಲೆ ಗೇಮ್ ಬಂತು. ಅವನ ಜೊತೆಗಾರರು ಇರುವುದೇ ಈಗ ಆ ಮೊಬೈಲಲ್ಲಿ. ಅದನ್ನು ಕಿತ್ತುಕೊಂಡರೆ ಅವನು ಅಂಗಳಕ್ಕೆ ಹೋಗಿ ಯಾರ ಜೊತೆ ಆಡಬೇಕು?

ಕಳೆದ ವರ್ಷ ನಾನೂ ಅವನೂ ಒಂದು ದಿನ ನೋಟ್‌ಬುಕ್ ಹಿಡಿದು ಅವನ ಕೂತ ಹೊತ್ತು ಬರೆದೆವು. ಶಾಲೆಯ ಬೆಂಚು 5 ಗಂಟೆ. ಬಸ್ಸು, ಹೋಗಿ ಬರಲು, ಒಂದೂವರೆ. ಟ್ಯೂಷನ್ ಒಂದೂವರೆ. ಹೋಮ್‌ವರ್ಕ್ ಒಂದು. ಊಟ ಮತ್ತು ಅಮ್ಮಮ್ಮನ ಜೊತೆ ಧಾರಾವಾಹಿ ಒಂದು. ಗೇಮ್ 1 ಗಂಟೆ 40 ನಿಮಿಷ. ಒಟ್ಟು 11 ಗಂಟೆ 40 ನಿಮಿಷ. ಏಳರಲ್ಲಿ ಒಂದು ಪಾಲು ಗೇಮ್. ಹುಡುಗನಿಗೆ ಕೇಸ್ ಗೆದ್ದಷ್ಟು ಖುಷಿ. ಲೆಕ್ಕ ಕೇಳಿದ ಅಮ್ಮಮ್ಮ, 'ಹಂಗಾರೆ ಶಾಲೆನೂ ಬಿಡ್ಸವು ಹೇಳಾತು' ಅಂದು ಒಳಗೆ ಹೋದರು. ಆದರೆ ಆ ಏಳರಲ್ಲಿ, ಕೊಟ್ಟೆ ಪಕ್ಕದಲ್ಲಿ ಇದ್ದದ್ದು ಆ ಒಂದು ಪಾಲಿನಲ್ಲಿ ಮಾತ್ರ. ಬೆಂಚಿನ ಮೇಲೆ ಯಾರೂ ಚಿಪ್ಸ್ ಕೊಡುವುದಿಲ್ಲವಲ್ಲ. ಇದನ್ನು ಅವನಿಗೆ ತೋರಿಸಿದೆ. ಅಲ್ಲಿಂದ ಮನೆಯಲ್ಲಿ ಒಂದೇ ಒಂದು ಕಟ್ಟುಪಾಡು: ತಿನ್ನೋದಿದ್ದರೆ ಅಡುಗೆಮನೆಗೆ ಬಂದು ತಿನ್ನು, ಮೊಬೈಲ್ ಜಗುಲಿಯಲ್ಲೇ ಇರಲಿ. ಹಲಸಿನ ಹಪ್ಪಳಕ್ಕೂ ಇದೇ ಮಾತು, ಮನೆಯದ್ದು ಅಂತ ರಿಯಾಯಿತಿ ಇಲ್ಲ. ಅವನಿಗಿಂತ ಅವನ ಅಪ್ಪನಿಗೇ ಇದು ಕಷ್ಟವಾಯಿತು.

ಈ ಮಳೆಗಾಲದಲ್ಲಿ ಮರದ ಹೆಣೆ ಬಿದ್ದು ಕೇಬಲ್ ತುಂಡಾಯಿತು. ನಾಲ್ಕು ದಿನ ವೈಫೈ ಇಲ್ಲ. ಎರಡನೇ ದಿನ ಅಕ್ಕ ಫೋನ್ ಮಾಡಿದಾಗ ಹುಡುಗ ಎಲ್ಲಿ ಅಂತ ಕೇಳಿದೆ. ಕೊಡೆ ಹಿಡಿದು ಬೆಟ್ಟ ಹತ್ತಿದ್ದಾನಂತೆ.