ಚಹಾ ಬಿಡದೆ ಕೆಫೀನ್ ಇಳಿಸುವ ಲೆಕ್ಕ

ಒಣಗಿದ ಚಹಾ ಎಲೆಯ ತೂಕದಲ್ಲಿ ಸಾಮಾನ್ಯವಾಗಿ ಶೇ 2ರಿಂದ 4ರಷ್ಟು ಕೆಫೀನ್ ಇರುತ್ತದೆ. ಲೋಟಕ್ಕೆ 2 ಗ್ರಾಂ ಪುಡಿ ಹಾಕಿದರೆ ಅದರೊಳಗಿರುವುದು 40ರಿಂದ 80 ಮಿಲಿಗ್ರಾಂ. ಎಷ್ಟೇ ಕುದಿಸಿದರೂ ಎಲೆಯಲ್ಲಿ ಇದ್ದುದಕ್ಕಿಂತ ಹೆಚ್ಚು ಲೋಟಕ್ಕೆ ಇಳಿಯುವುದಿಲ್ಲ. ಆದರೆ ಕೆಫೀನ್ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ ಕೂಡಲೇ ನಾವು ಮೊದಲು ನೋಡುವುದು ಚಹಾದ ಬಣ್ಣವನ್ನು, ಆಮೇಲೆ ಗಡಿಯಾರವನ್ನು. ತಕ್ಕಡಿಯ ನೆನಪಾಗುವುದು ಕಡಿಮೆ. ಹೆಚ್ಚು ಕೆಲಸ ಮಾಡಿಕೊಡುವುದು ಮಾತ್ರ ಅದೇ.

ಮಿತಿ ಎಷ್ಟು? ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆಯಿಲ್ಲ, ಗರ್ಭಿಣಿಯರಿಗೆ 200. ಎದೆಬಡಿತದ ಏರುಪೇರು, ಆತಂಕದ ಕಾಯಿಲೆ, ನಿದ್ರಾಹೀನತೆ ಇರುವವರ ಮಿತಿ ಇದಕ್ಕಿಂತ ಬಹಳ ಕೆಳಗಿರಬಹುದು. ಆ ಅಂಕಿಯನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. 240 ಮಿ.ಲೀ. ಕಪ್ಪು ಚಹಾದಲ್ಲಿ ಸರಾಸರಿ 47 ಮಿಲಿಗ್ರಾಂನಷ್ಟು ಕೆಫೀನ್ ಇರುತ್ತದೆ, ಅಷ್ಟೇ ಕಾಫಿಯಲ್ಲಿ ಹೆಚ್ಚುಕಡಿಮೆ ಇದರ ಎರಡು ಪಟ್ಟು.

ಎಷ್ಟು ಕುಡಿದಿರಿ ಎಂಬುದರಷ್ಟೇ ಮುಖ್ಯ ಯಾವಾಗ ಕುಡಿದಿರಿ ಎಂಬುದು. ವಯಸ್ಕರ ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ 5 ಗಂಟೆ ಬೇಕು. ಸಂಜೆ 4ಕ್ಕೆ 50 ಮಿಲಿಗ್ರಾಂ ಒಳಗೆ ಹೋದರೆ ರಾತ್ರಿ 9ಕ್ಕೆ 25, ನಡುರಾತ್ರಿ 2ಕ್ಕೂ ಹನ್ನೆರಡರಷ್ಟು ಉಳಿದಿರುತ್ತದೆ. ಈ 5 ಗಂಟೆ ಎಲ್ಲರಿಗೂ ಒಂದೇ ಅಲ್ಲ. ಕೆಫೀನನ್ನು ಒಡೆಯುವ ಯಕೃತ್ತಿನ ಕಿಣ್ವ ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ. ಧೂಮಪಾನ ಅದನ್ನು ಚುರುಕುಗೊಳಿಸುತ್ತದೆ, ಗರ್ಭನಿರೋಧಕ ಮಾತ್ರೆ ನಿಧಾನಗೊಳಿಸುತ್ತದೆ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಂತೂ ಅರ್ಧಕ್ಕಿಳಿಯಲು 15 ಗಂಟೆಯವರೆಗೂ ಹಿಡಿಯಬಹುದು. ಹಾಗಾಗಿ ಪಕ್ಕದವರು ರಾತ್ರಿ ಊಟವಾದ ಮೇಲೆ ಚಹಾ ಕುಡಿದು ಹಾಯಾಗಿ ಮಲಗುತ್ತಾರೆ ಎಂಬುದರಿಂದ ನಿಮಗೇನೂ ತಿಳಿಯುವುದಿಲ್ಲ.

ಈಗ ಎಲ್ಲೆಡೆ ಓಡಾಡುವ ಒಂದು ಸಲಹೆಯ ವಿಷಯ. ಎಲೆಯ ಮೇಲೆ ಬಿಸಿನೀರು ಸುರಿದು 30 ಸೆಕೆಂಡಿಗೆ ಆ ನೀರನ್ನು ಚೆಲ್ಲಿದರೆ ಕೆಫೀನ್ ಹೆಚ್ಚುಕಡಿಮೆ ಎಲ್ಲಾ ಹೋಗಿಬಿಡುತ್ತದಂತೆ. ಹೋಗುವುದಿಲ್ಲ. ಎಲೆಯನ್ನು 5 ನಿಮಿಷ ನೆನೆಸಿದರೂ ಮೊದಲ ನೀರಿಗೆ ಬರುವುದು ಸುಮಾರು ಮೂರನೇ ಎರಡು ಭಾಗ, ಎರಡನೆಯದಕ್ಕೆ ಕಾಲು ಭಾಗದ ಹತ್ತಿರ, ಉಳಿದದ್ದು ಮೂರನೆಯದಕ್ಕೆ. 30 ಸೆಕೆಂಡಿನಲ್ಲಿ ಹೊರಡುವುದು ಇದರ ಸಣ್ಣ ಪಾಲು ಮಾತ್ರ. ಆ ನೀರಿನ ಜೊತೆ ಪರಿಮಳವೂ ಸಿಂಕಿಗೆ ಹೋಗುತ್ತದೆ. ಎಲೆಯ ರುಚಿ ಕೆಡಿಸಿಕೊಂಡು ಕೆಫೀನನ್ನು ಉಳಿಸಿಕೊಳ್ಳುವ ವಿಧಾನ ಇದು. ಬದಲಿಗೆ, ಊಲಾಂಗ್‌ನಂಥ ಇಡೀ ಎಲೆಯ ಚಹಾ ಆದರೆ 5 ನಿಮಿಷ ನೆನೆಸಿದ ಮೊದಲ ನೀರನ್ನು ಕೆಫೀನ್ ನಿರ್ಬಂಧವಿಲ್ಲದ ಮನೆಯವರಿಗೆ ಕೊಟ್ಟು, ಎರಡನೆಯದನ್ನು ನೀವು ಕುಡಿಯಬಹುದು. ಒಳ್ಳೆಯ ಎಲೆಯಲ್ಲಿ ಎರಡನೇ ಸಲವೂ ರುಚಿ ಚೆನ್ನಾಗಿಯೇ ಇರುತ್ತದೆ. ಪುಡಿ ಚಹಾದಲ್ಲಿ ಈ ಉಪಾಯ ನಡೆಯುವುದಿಲ್ಲ. ಕಣ ಸಣ್ಣದಾದಷ್ಟೂ ಸತ್ವ ಬೇಗ ಇಳಿಯುವುದರಿಂದ ಟೀ ಬ್ಯಾಗ್ ಮತ್ತು ಸಿಟಿಸಿ (ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿದ) ಕಾಳುಗಳು ಕೆಲವೇ ನಿಮಿಷಗಳಲ್ಲಿ ಬಹುಪಾಲು ಕೆಫೀನನ್ನು ಬಿಟ್ಟುಕೊಡುತ್ತವೆ. ಹಾಲು ನೀರಿನಲ್ಲಿ ಕುದಿಸಿದ ಚಹಾಕ್ಕೆ ಇನ್ನಷ್ಟು ಇಳಿಯುತ್ತದೆ. ಹಾಲು ಬಣ್ಣವನ್ನೂ ಒಗರನ್ನೂ ತಗ್ಗಿಸುತ್ತದೆ, ಕೆಫೀನನ್ನಲ್ಲ.

ತಣ್ಣೀರಿನಲ್ಲಿ ನೆನೆಸಿದರೆ ಕೆಫೀನ್ ಕರಗುವುದೇ ಇಲ್ಲ ಎನ್ನುವವರೂ ಇದ್ದಾರೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿ.ಲೀ. ನೀರು ಸುಮಾರು 2 ಗ್ರಾಂ ಕೆಫೀನನ್ನು ಕರಗಿಸಿಕೊಳ್ಳಬಲ್ಲದು. ಲೋಟದ ಚಹಾದಲ್ಲಿರುವುದು ಅದರ ನೂರರಲ್ಲಿ ಎರಡರಿಂದ ನಾಲ್ಕು ಪಾಲು ಮಾತ್ರ. ತಣ್ಣೀರು ಮಾಡುವುದು ವೇಗವನ್ನು ತಗ್ಗಿಸುವ ಕೆಲಸ ಅಷ್ಟೇ. ಫ್ರಿಜ್‌ನಲ್ಲಿ 2 ಗಂಟೆ ಇಟ್ಟರೆ ಕಡಿಮೆ ಇಳಿದೀತು, ರಾತ್ರಿಯಿಡೀ ಇಟ್ಟರೆ ಆ ಲಾಭ ಕರಗುತ್ತಾ ಹೋಗುತ್ತದೆ. ತಣ್ಣೀರಿಗೆ ಕಹಿ ಒಗರು ಅಷ್ಟಾಗಿ ಬಿಡುವುದಿಲ್ಲವೆಂದು ಎಲೆಯನ್ನು ಎರಡು ಪಟ್ಟು ಹಾಕಿದರಂತೂ ಲೆಕ್ಕ ಪೂರ್ತಿ ತಲೆಕೆಳಗು.

ಉಳಿದದ್ದು ತೂಕ. 0.1 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಚಮಚವನ್ನು ನಂಬಬೇಡಿ: ಒಂದು ಚಮಚ ಸಿಟಿಸಿ ಕಾಳು ಸುಲಭವಾಗಿ 2 ಗ್ರಾಂ ದಾಟುತ್ತದೆ, ಅದೇ ಚಮಚದಲ್ಲಿ ಉಬ್ಬಿಕೊಂಡ ದೊಡ್ಡ ಎಲೆ 1 ಗ್ರಾಂ ಕೂಡ ಹಿಡಿಯದಿರಬಹುದು. 2 ಗ್ರಾಂ ಬದಲು 1 ಗ್ರಾಂ ಹಾಕಿದರೆ ಕೆಫೀನ್ ಅರ್ಧ. ಆದರೆ ನೀರನ್ನು ಮೊದಲಿನಷ್ಟೇ ಇಟ್ಟರೆ ಚಹಾ ಸಪ್ಪೆ, ಎರಡೇ ದಿನಕ್ಕೆ ಬೇಸರ ಬಂದು ಹಳೆಯ ಅಳತೆಗೆ ಮರಳುತ್ತೀರಿ. ನೀರನ್ನೂ ಅರ್ಧ ಮಾಡಿ. 200 ಮಿ.ಲೀ. ಬದಲು 100 ಮಿ.ಲೀ., ಚಿಕ್ಕ ಲೋಟ, ಅದೇ ಗಾಢತೆ. ನಮ್ಮ ಮಟ್ಟಿಗೆ ಇದಕ್ಕಿಂತ ಸರಳವಾದ ಉಪಾಯ ಇನ್ನೊಂದಿಲ್ಲ.

ದೊಡ್ಡ ಲೋಟವೇ ಬೇಕೆನ್ನುವವರು ಬೆರಕೆ ಮಾಡಿಕೊಳ್ಳಬಹುದು. ಅದಕ್ಕೆ ಒಗ್ಗುವುದು ರೂಯ್‌ಬೋಸ್. ಇದು ದಕ್ಷಿಣ ಆಫ್ರಿಕಾದ ಬೇರೆಯೇ ಒಂದು ಗಿಡ, ಕೆಫೀನ್ ಇಲ್ಲ, ಬಣ್ಣ ಕೆಂಪು, ಹಾಲಿಗೂ ಹೊಂದುತ್ತದೆ. ಎರಡನ್ನೂ ಒಟ್ಟಿಗೆ ಹಾಕುವುದೇ ಇಲ್ಲಿ ಆಗುವ ತಪ್ಪು. ರೂಯ್‌ಬೋಸ್ ರುಚಿ ಬಿಡಲು 6–7 ನಿಮಿಷ ಬೇಕು, ಅಷ್ಟು ಹೊತ್ತು ಬಿಟ್ಟರೆ ಚಹಾ ಕಹಿಯಾಗುತ್ತದೆ. 200 ಮಿ.ಲೀ. ಕುದಿಯುವ ನೀರಿಗೆ 2 ಗ್ರಾಂ ರೂಯ್‌ಬೋಸ್ ಹಾಕಿ ಮುಚ್ಚಿಡಿ. 4 ನಿಮಿಷವಾದ ಮೇಲೆ 1 ಗ್ರಾಂ ಕಪ್ಪು ಚಹಾ ಸೇರಿಸಿ, ಇನ್ನು 3 ನಿಮಿಷ ಬಿಟ್ಟು ಸೋಸಿ. ರೂಯ್‌ಬೋಸ್ ಎಲೆ ಸೂಜಿಯಂತೆ ಸಣ್ಣದು, ಸೋಸಲು ಒತ್ತು ಜಾಲರಿಯೇ ಬೇಕು.

ಹಸಿರು ಚಹಾ, ಬಿಳಿ ಚಹಾ ಎಂದರೆ ಕೆಫೀನ್ ಕಡಿಮೆ ಎಂಬ ನಂಬಿಕೆಗೆ ಅರ್ಧ ಮಾತ್ರ ಆಧಾರವಿದೆ. ಹಸಿರು ಚಹಾವನ್ನು ಕಡಿಮೆ ಬಿಸಿಯ ನೀರಿನಲ್ಲಿ, ಕಡಿಮೆ ಹೊತ್ತು ನೆನೆಸುವ ರೂಢಿಯಿಂದ ಲೋಟಕ್ಕೆ ಕಡಿಮೆ ಬರುತ್ತದೆ ನಿಜ. ಎಲೆಯೊಳಗಿನ ಪ್ರಮಾಣ ಬೇರೆ ಮಾತು. ಗಿಡ ಕೆಫೀನನ್ನು ಹೆಚ್ಚಾಗಿ ತುಂಬಿಡುವುದು ಎಳೆಯ ಕುಡಿಯಲ್ಲಿ. ಬರೀ ಕುಡಿಯಿಂದ ಮಾಡಿದ ದುಬಾರಿ ಬಿಳಿ ಚಹಾದಲ್ಲಿ ಅದು ಕಪ್ಪು ಚಹಾಕ್ಕಿಂತ ಜಾಸ್ತಿಯೂ ಇರಬಹುದು. ಮಾಚಾದಲ್ಲಿ ಸೋಸುವ ಮಾತೇ ಇಲ್ಲ, ನೆರಳಿನಲ್ಲಿ ಬೆಳೆಸಿದ ಎಲೆಯ ಪುಡಿಯನ್ನೇ ನುಂಗುತ್ತೀರಿ, ಅದರ ಕೆಫೀನೂ ಪೂರ್ತಿ ಒಳಗೆ. ಕಡಿಮೆ ಬೇಕಿದ್ದರೆ ಬಲಿತ ಎಲೆ ಮತ್ತು ಕಡ್ಡಿಯ ಚಹಾಗಳನ್ನು ಹುಡುಕಿ. ಜಪಾನಿನ ಕಡ್ಡಿ ಚಹಾ ಕುಕಿಚಾ, ಬಲಿತ ಎಲೆಯ ಬಾಂಚಾ ಈ ಸಾಲಿನವು.

ಡಿಕ್ಯಾಫ್ ಎಂದರೆ ಕೆಫೀನ್ ತೆಗೆದ ಚಹಾ. ಅದನ್ನು ತೆಗೆಯಲು ಡೈಕ್ಲೋರೋಮೀಥೇನ್ ಅಥವಾ ಈಥೈಲ್ ಅಸಿಟೇಟ್ ದ್ರಾವಕ ಬಳಸುತ್ತಾರೆ, ಇಲ್ಲವೇ ಇಂಗಾಲದ ಡೈಆಕ್ಸೈಡ್. ಈ ಅನಿಲ 31 ಡಿಗ್ರಿಗಿಂತ ಮೇಲೆ, ವಾತಾವರಣದ ಸುಮಾರು 73 ಪಟ್ಟು ಒತ್ತಡ ದಾಟಿದಾಗ ಅನಿಲವೂ ಅಲ್ಲದ ದ್ರವವೂ ಅಲ್ಲದ ಸ್ಥಿತಿಗೆ ಬರುತ್ತದೆ. ಆಗ ತೇವ ಮಾಡಿದ ಎಲೆಯೊಳಗೆ ನುಗ್ಗಿ ಕೆಫೀನನ್ನು ಹೊತ್ತು ತರುತ್ತದೆ. ರುಚಿಯ ಅಂಶಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಆಯ್ಕೆಯಿದ್ದರೆ ಈ ವಿಧಾನದ್ದನ್ನೇ ಕೊಳ್ಳಿ. ಡಿಕ್ಯಾಫ್ ಎಂದರೆ ಸೊನ್ನೆಯಲ್ಲ, ಲೋಟಕ್ಕೆ 2ರಿಂದ 5 ಮಿಲಿಗ್ರಾಂ ಉಳಿದಿರುವುದು ಸಾಮಾನ್ಯ.

ಡಿಕ್ಯಾಫ್ ಸಪ್ಪೆ ಎನ್ನುವುದು ಬರೀ ದೂರಲ್ಲ. ಒಳ್ಳೆಯ ಕಪ್ಪು ಚಹಾವನ್ನು ಗಾಢವಾಗಿ ಇಳಿಸಿ ಆರಲು ಬಿಟ್ಟರೆ ಅದು ಕದಡಿದಂತಾಗುತ್ತದೆ. ಚಹಾಕ್ಕೆ ಹೊಳಪು ಕೊಡುವ ಥಿಯಾಫ್ಲೇವಿನ್‌ಗಳ ಜೊತೆ ಕೆಫೀನ್ ಅಂಟಿಕೊಂಡು ಮಡ್ಡಿಯಾಗುವುದರಿಂದ ಹೀಗೆ. ನಾಲಿಗೆಗೆ ಚುರುಕೆನಿಸುವ ಆ ಖಡಕ್ ಗುಣಕ್ಕೂ ಇದೇ ಜೋಡಿ ಕಾರಣ. ಡಿಕ್ಯಾಫ್‌ನಲ್ಲಿ ಜೋಡಿಯ ಒಂದು ಕೈಯೇ ಇಲ್ಲ. ಅದನ್ನು ತುಂಬಿಕೊಳ್ಳಲು 2 ಗ್ರಾಂ ಬದಲು 3 ಗ್ರಾಂ ಹಾಕಿ, ಕುದಿಯುವ ನೀರೇ ಬಳಸಿ, 5 ನಿಮಿಷ ಬಿಡಿ. ರಕ್ತಹೀನತೆ ಇರುವವರಿಗೆ ಇಲ್ಲೊಂದು ಮಾತು: ಊಟದ ಕಬ್ಬಿಣಾಂಶ ದೇಹಕ್ಕೆ ಹತ್ತದಂತೆ ಅಡ್ಡಿಪಡಿಸುವುದು ಚಹಾದ ಒಗರಿನ ಅಂಶಗಳಾದ ಪಾಲಿಫಿನಾಲ್‌ಗಳು, ಕೆಫೀನ್ ಅಲ್ಲ. ಡಿಕ್ಯಾಫ್ ಆದರೂ ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರ ಬೇಕು.

ಗಿಡಮೂಲಿಕೆ ಚಹಾ ಎಂದು ಬರೆದ ಪೊಟ್ಟಣವೆಲ್ಲ ಕೆಫೀನ್‌ಮುಕ್ತವಲ್ಲ. ದಕ್ಷಿಣ ಅಮೆರಿಕದ ಗಿಡಗಳಾದ ಯೆರ್ಬಾ ಮಾಟೆ, ಗ್ವಾಯೂಸಾ, ಗ್ವಾರಾನಾ ಇವುಗಳಲ್ಲಿ ಧಾರಾಳ ಕೆಫೀನ್ ಇದೆ, ಮಲ್ಲಿಗೆ ಚಹಾ ಬಹುತೇಕ ಹಸಿರು ಚಹಾವೇ. ಪುದೀನ, ಶುಂಠಿ, ಕ್ಯಾಮೊಮೈಲ್, ದಾಸವಾಳ ಜಾತಿಯ ಹೂವಿನ ಕಷಾಯ ಇವುಗಳಲ್ಲಿ ಕೆಫೀನ್ ಇಲ್ಲ. ಆದರೆ ಅತಿಮಧುರ ಬೆರೆತ ಮಿಶ್ರಣವನ್ನು ದಿನಾ ಕುಡಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯಬಹುದು. ಹೃದಯದ ಕಾರಣಕ್ಕೆ ಕೆಫೀನ್ ಬಿಟ್ಟವರು ಪೊಟ್ಟಣದ ಮೇಲಿನ ಸಾಮಗ್ರಿಗಳ ಪಟ್ಟಿ ಓದಿಯೇ ಕೊಳ್ಳಬೇಕು.

ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು, ಸಿಡುಕು ಶುರುವಾಗಿ, ಒಂದೆರಡು ದಿನದಲ್ಲಿ ಹೆಚ್ಚಾಗಿ, 9 ದಿನಗಳವರೆಗೂ ಎಳೆಯಬಹುದು. ಎಲೆಯ ತೂಕ ಗೊತ್ತಿದ್ದರೆ ಇಳಿಸುವುದು ಸುಲಭ. ದಿನಕ್ಕೆ 8 ಗ್ರಾಂ ಬಳಸುತ್ತಿದ್ದರೆ ಮೊದಲ ವಾರ 6, ಎರಡನೇ ವಾರ 4, ಮೂರನೇ ವಾರ 3. ದಿನದ ಕೊನೆಯ ಲೋಟದಿಂದ ಕಡಿತ ಆರಂಭಿಸಿದರೆ ನಿದ್ದೆಗೂ ಅನುಕೂಲ. ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಇದನ್ನು ತಾವಾಗಿಯೇ ಮಾಡಬಾರದು. ಕೆಫೀನ್ ಮೂತ್ರಪಿಂಡದ ಮೂಲಕ ಲಿಥಿಯಂ ಬೇಗ ಹೊರಹೋಗುವಂತೆ ಮಾಡುತ್ತಿರುತ್ತದೆ, ಅದು ಇಳಿದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ಮನೋರೋಗದ ಔಷಧ ಕ್ಲೋಜಪೀನ್‌ನಲ್ಲಿ ಆಗುವುದು ಇದರ ತಿರುವುಮುರುವು, ಕೆಫೀನ್ ಬಿಟ್ಟರೆ ಔಷಧದ ಮಟ್ಟ ಕುಸಿಯುತ್ತದೆ. ಈ ಎರಡರಲ್ಲಿ ಯಾವುದನ್ನು ತೆಗೆದುಕೊಳ್ಳುತ್ತಿದ್ದರೂ ಚಹಾದ ಅಳತೆ ಬದಲಿಸುವ ಮೊದಲೇ ವೈದ್ಯರಿಗೆ ತಿಳಿಸಿ.