ಎಂಟು ವರ್ಷ ಕೆಲಸ ಮಾಡಿ ಎಂಬಿಎಗೆ ಹೊರಟಿದ್ದೇನೆ, ಓದು ಮರಳಿ ಬರುತ್ತದೆಯೇ?

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಟು ವರ್ಷ ದುಡಿದೆ. ಏಪ್ರಿಲ್‌ನಲ್ಲಿ ಒಂದು ವರ್ಷದ ಎಂಬಿಎ ಸೇರುತ್ತಿದ್ದೇನೆ. ನಾಲ್ಕು ಪುಟ ಓದುವಷ್ಟರಲ್ಲಿ ಕೈ ಮೊಬೈಲಿನತ್ತ ಹೋಗುತ್ತದೆ. ಈಗಿನಿಂದಲೇ ಏನು ಓದಲಿ?

ಉತ್ತರ: ಓದುವುದನ್ನು ನೀವು ಬಿಟ್ಟೇ ಇಲ್ಲ, ಇಮೇಲು, ವರದಿ ಎಂದು ದಿನವಿಡೀ ಓದುತ್ತಲೇ ಇದ್ದೀರಿ. ಬಿಟ್ಟುಹೋಗಿರುವುದು ಪೆನ್ನು ಹಿಡಿದು, ಯಾರನ್ನೂ ಕೇಳದೆ, ಒಂದು ಲೆಕ್ಕವನ್ನು ಕೊನೆಮುಟ್ಟಿಸುವ ರೂಢಿ. ಒಂದು ವರ್ಷದ ಕೋರ್ಸಿನಲ್ಲಿ ಅದನ್ನು ನಿಧಾನವಾಗಿ ರೂಢಿಸಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ.

ಮೊದಲು ಅಕೌಂಟಿಂಗ್ ಹಿಡಿಯಿರಿ. ಎಂಜಿನಿಯರುಗಳು ಮುಗ್ಗರಿಸುವುದು ಇಲ್ಲೇ. ಏಳು ವರ್ಷದ ಉದ್ಯೋಗದ ಬಳಿಕ ತರಗತಿಯಲ್ಲಿ ಕುಳಿತ ನನಗೆ, ‘ನಗದು ಬಂದರೆ ಡೆಬಿಟ್’ ಎಂದು ಮೇಷ್ಟ್ರು ಬರೆದದ್ದೇ ತಪ್ಪಿರಬೇಕು ಎನಿಸಿತ್ತು. ಪಾಸ್‌ಬುಕ್ಕಿನಲ್ಲಿ ಸಂಬಳ ಬಂದಾಗ ಕ್ರೆಡಿಟ್ ಎಂದಲ್ಲವೇ ಇರುವುದು! ಗುಟ್ಟು ಇಷ್ಟೇ: ಪಾಸ್‌ಬುಕ್ಕಿನಲ್ಲಿರುವುದು ಬ್ಯಾಂಕ್ ಬರೆದ ಲೆಕ್ಕ. ನೀವಿಟ್ಟ ಹಣ ಬ್ಯಾಂಕು ನಿಮಗೆ ತೀರಿಸಬೇಕಾದ ಬಾಕಿ, ಆದ್ದರಿಂದ ಅವರ ಪುಸ್ತಕದಲ್ಲಿ ಕ್ರೆಡಿಟ್. ನಿಮ್ಮ ಪುಸ್ತಕದಲ್ಲಿ ಅದೇ ಹಣ ಆಸ್ತಿ, ಹಾಗಾಗಿ ಡೆಬಿಟ್.

ಇನ್ನೊಂದು ನೋಡಿ. 70,000 ರೂಪಾಯಿ ನಗದು ಕೊಟ್ಟು ತಂದ ಸರಕನ್ನು ಒಂದು ಲಕ್ಷಕ್ಕೆ ಉದ್ದರಿ ಮಾರಿದಿರಿ. ಲಾಭ 30,000. ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ 70,000 ಕಡಿಮೆ. ಕಿರಾಣಿ ಅಂಗಡಿಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ, ನಮಗೆ ಕಲಿಸಬೇಕು. ಇಂಥ ಹತ್ತು ವ್ಯವಹಾರ ನೀವೇ ಕಲ್ಪಿಸಿಕೊಂಡು ಖಾತೆಗೆ ಬರೆಯಿರಿ. ಡೆಬಿಟ್, ಕ್ರೆಡಿಟ್ ಎರಡೂ ಬದಿ ತಾಳೆಯಾಗುವವರೆಗೆ ಕುರ್ಚಿ ಬಿಟ್ಟೇಳಬೇಡಿ.

ಓದಿದ್ದು ನಿಲ್ಲುವುದಿಲ್ಲ ಎಂಬ ದೂರಿಗೆ ಮತ್ತೆ ಮತ್ತೆ ಓದುವುದು ಮದ್ದಲ್ಲ. ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಎರಡನೇ ಸಲ ಓದಿದವರೇ ಮುಂದಿದ್ದರು. ವಾರ ಕಳೆದು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದಿದ್ದವರು ಅವರನ್ನು ಹಿಂದೆ ಹಾಕಿದ್ದರು. ಹಳದಿ ಮಾರ್ಕರಿನಿಂದ ಪುಟವಿಡೀ ಅರಿಶಿನ ಬಳಿದು ತೃಪ್ತಿಪಡುವ ನಮ್ಮಂಥವರಿಗೆ ಇದು ಕಹಿಯೇ.

ಇನ್ನು ಕೇಸ್, ಅಂದರೆ ಒಂದು ಕಂಪನಿ ನಿರ್ಧಾರ ಕೈಗೊಳ್ಳಬೇಕಾದ ಸನ್ನಿವೇಶದ ಕಥನ, ತರಗತಿಯಲ್ಲಿ ಚರ್ಚೆಗೆ ಕೊಡುವಂಥದ್ದು. ಹದಿನೈದು, ಇಪ್ಪತ್ತು ಪುಟ ಇರುತ್ತದೆ. ಕಾದಂಬರಿಯಂತೆ ಓದಿದರೆ ರಾತ್ರಿ ಸಾಲದು. ಮೊದಲ ಪುಟ, ಕೊನೆಯ ಪ್ಯಾರಾ, ಕೊನೆಯಲ್ಲಿ ಕೊಟ್ಟ ಕೋಷ್ಟಕಗಳು, ಆಮೇಲೆ ನಡುವಿನದು. ನೀವಾಗಿದ್ದರೆ ಏನು ನಿರ್ಧರಿಸುತ್ತಿದ್ದಿರಿ ಎಂದು ಎರಡು ಸಾಲು ಬರೆದಿಟ್ಟುಕೊಂಡೇ ತರಗತಿಗೆ ಹೋಗಿ. ‘ನಮ್ಮ ಕಂಪನಿಯಲ್ಲಿ ಹೀಗೆ ಮಾಡುತ್ತಿದ್ದೆವು’ ಎಂದು ಶುರುಮಾಡುವವರ ಮಾತಿಗೆ ಎರಡನೇ ವಾರದಿಂದ ಹಿಂದಿನ ಬೆಂಚುಗಳು ಆಕಳಿಸತೊಡಗುತ್ತವೆ. ಅನುಭವ ಹೇಳಿ, ಆದರೆ ಕೋಷ್ಟಕದ ಒಂದು ಅಂಕಿಗೆ ಅದನ್ನು ಗಂಟುಹಾಕಿ ಹೇಳಿ.

ಮೊಬೈಲಿನ ವಿಷಯ ಕೇಳಿದ್ದಿರಿ. ಕ್ಯಾಲ್ಕುಲೇಟರ್ ಬೇಕು ಎಂಬ ನೆಪದಲ್ಲೇ ಅದು ಮೇಜಿನ ಮೇಲೆ ಬಂದು ಕೂರುವುದು. ಸ್ಟೇಷನರಿ ಅಂಗಡಿಯಿಂದ ಒಂದು ಕ್ಯಾಲ್ಕುಲೇಟರ್ ತಂದುಕೊಳ್ಳಿ.