ಚೀಟಿ ಕಿತ್ತರೆ ಪುಸ್ತಕ ಹೋಗುತ್ತಾ?

ಒಂದು ಮಳೆಗಾಲದ ರಾತ್ರಿ ನಾನು ನೋಡಿಕೊಳ್ಳುತ್ತಿದ್ದ ಸರ್ವರ್‌ನ ಡಿಸ್ಕ್ ತುಂಬಿಹೋಯಿತು. ತೀರ್ಥಹಳ್ಳಿಯ ಮನೆಯಲ್ಲಿದ್ದೆ. ಕರೆಂಟ್ ಇರಲಿಲ್ಲ. ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ನೋಡಿದರೆ ಒಂದೇ ಲಾಗ್ ಫೈಲ್ 40 ಜಿಬಿ ನುಂಗಿ ಕೂತಿತ್ತು. ಅಳಿಸಿದೆ. ಡಿಸ್ಕ್ ಮಾತ್ರ ಇನ್ನೂ ಪೂರ್ತಿ ತುಂಬಿದೆ ಅಂತಲೇ ತೋರಿಸಿತು! ಫೈಲೂ ಇಲ್ಲ, ಜಾಗವೂ ಇಲ್ಲ.

ಶಿವಮೊಗ್ಗದ ಅಡಿಕೆ ಮಂಡಿಯನ್ನು ನೆನೆಸಿಕೊಳ್ಳಿ. ಗುಮಾಸ್ತರು ತಲೆ ತಗ್ಗಿಸಿ ಕಿರ್ದಿ ಬರೆಯುತ್ತಿದ್ದಾರೆ. ರಾಶಿ ಇಷ್ಟು ಚೀಲ, ಬೆಟ್ಟೆ ಇಷ್ಟು, ಗೊರಬಲು ಇಷ್ಟು. ಲಾಗ್ ಅಂದರೆ ಸರ್ವರ್‌ನ ಕಿರ್ದಿ. ಯಾರು ಬಂದರು, ಏನು ಕೇಳಿದರು, ಎಲ್ಲಿ ಎಡವಟ್ಟಾಯಿತು, ಎಲ್ಲ ಹೊತ್ತಿನ ಸಮೇತ. ಈಗ ಗುಮಾಸ್ತರು ಬರೆಯುತ್ತಿರುವಾಗಲೇ ರಟ್ಟಿನ ಮೇಲಿನ ಚೀಟಿ ಕಿತ್ತು, ‘ನಿನ್ನೆಯದು’ ಅಂತ ಬೇರೆ ಚೀಟಿ ಅಂಟಿಸಿ. ಅವರಿಗೆ ಗೊತ್ತೇ ಆಗುವುದಿಲ್ಲ. ಅದೇ ಪುಸ್ತಕದಲ್ಲಿ ಮುಂದಿನ ಸಾಲು ಬರೆಯುತ್ತಾರೆ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಫೈಲಿನ ಹೆಸರು ಬರೀ ಚೀಟಿ. ಪುಸ್ತಕಕ್ಕೆ ಐನೋಡ್ ಎಂಬ ಬೇರೆಯೇ ಗುರುತಿದೆ. ಅಪ್ಲಿಕೇಶನ್ ಒಮ್ಮೆ ಫೈಲ್ ತೆರೆದ ಮೇಲೆ ಹೆಸರಿನ ಕಡೆ ತಿರುಗಿಯೂ ನೋಡುವುದಿಲ್ಲ. ಹೆಸರು ಅಳಿಸಿದರೂ, ತೆರೆದವರು ಮುಚ್ಚುವ ತನಕ ಜಾಗ ಖಾಲಿಯಾಗುವುದಿಲ್ಲ. ನಾನು ಹರಿದಿದ್ದು ಚೀಟಿಯನ್ನಷ್ಟೇ.

ಲಾಗ್‌ರೊಟೇಟ್ ಎಂಬ ಸಲಕರಣೆ ಇದನ್ನೇ ಉಪಾಯವಾಗಿ ಬಳಸಿಕೊಳ್ಳುತ್ತದೆ. ಹಳೆಯ ಫೈಲಿಗೆ ಹೊಸ ಹೆಸರು ಇಡುತ್ತದೆ. ಹಳೆಯ ಹೆಸರಿನಲ್ಲೇ ಖಾಲಿ ಫೈಲ್ ಮಾಡುತ್ತದೆ. ಆಮೇಲೆ ಅಪ್ಲಿಕೇಶನ್‌ಗೆ ಒಂದು ಸಿಗ್ನಲ್: “ರಾಯರೇ, ಹೊಸ ಪುಸ್ತಕ ತಗೊಳ್ಳಿ.” ಹಲವು ಪ್ರೋಗ್ರಾಂಗಳಿಗೆ ಹಪ್ ಎಂಬ ಸಿಗ್ನಲ್ ಸಾಕು. ಫೋನ್ ಲೈನ್ ಕಡಿದುಹೋಯಿತು ಅಂತ ಹೇಳಲು ಹುಟ್ಟಿದ ಸಿಗ್ನಲ್ ಅದು. ತೆರೆಯ ಹಿಂದೆ ಓಡುವ ಪ್ರೋಗ್ರಾಂಗಳಿಗೆ ಲೈನಿನ ಗೊಡವೆಯೇ ಇಲ್ಲದ್ದರಿಂದ ಬೇರೆ ಕೆಲಸಕ್ಕೆ ಬಂತು. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಂಗಾದರೆ ಯುಎಸ್‌ಆರ್1 ಎಂಬ ಇನ್ನೊಂದು ಸಿಗ್ನಲ್ ಕಳಿಸಬೇಕು. ಕರೆ ಕೇಳುವ ತನಕ ಬರೆದದ್ದು ಹಳೆಯ ಪುಸ್ತಕದಲ್ಲಿ, ಆಮೇಲಿನದು ಹೊಸದರಲ್ಲಿ. ಒಂದು ಸಾಲೂ ತಪ್ಪುವುದಿಲ್ಲ. ಕರೆ ಕೇಳಿಸಲು ಚೂರು ಹೊತ್ತು ಹಿಡಿಯಬಹುದು ಅಂತಲೇ ಹಳೆಯದನ್ನು ತಕ್ಷಣ ಕುಗ್ಗಿಸದೆ (ಕಂಪ್ರೆಸ್ ಮಾಡದೆ) ಮುಂದಿನ ಸರದಿಗೆ ಬಿಡುವ ರೂಢಿಯೂ ಇದೆ.

ಕರೆದರೂ ಕೇಳದ ಪ್ರೋಗ್ರಾಂಗಳಿವೆ. ಅವಕ್ಕೆ ‘ಕಾಪಿಟ್ರಂಕೇಟ್’: ಪುಟಗಳನ್ನು ನಕಲು ಮಾಡಿ, ಮೂಲವನ್ನು ಅಲ್ಲೇ ಖಾಲಿ ಮಾಡುವುದು. ನಕಲಿಗೂ ಖಾಲಿ ಮಾಡುವುದಕ್ಕೂ ನಡುವೆ ಬರೆದ ಸಾಲು ಹೋಯಿತು ಅಂತಲೇ ಲೆಕ್ಕ. ನನಗಂತೂ ಈ ದಾರಿ ಇಷ್ಟವಿಲ್ಲ. ಅಪ್ಲಿಕೇಶನ್ ‘ಕೊನೆಗೆ ಸೇರಿಸು’ ಎಂಬ ಕ್ರಮದಲ್ಲಿ ಫೈಲ್ ತೆರೆದಿರದಿದ್ದರೆ ಇನ್ನೊಂದು ತಮಾಷೆ. ಅದು ತಾನು ನಿಲ್ಲಿಸಿದ ಜಾಗದಿಂದಲೇ ಮುಂದುವರಿಯುತ್ತದೆ. ಅದಕ್ಕಿಂತ ಮೊದಲಿನ ಭಾಗ ಪೂರ್ತಿ ಪೊಳ್ಳು.

2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು 180 ದಿನದ ಲಾಗ್ ಇಟ್ಟುಕೊಳ್ಳಬೇಕು. ನಾನು ಆ ರಾತ್ರಿ ಅಪ್ಲಿಕೇಶನ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಜಾಗ ಬಂತು, ಲಾಗ್ ಹೋಯಿತು. ನಿಲ್ಲಿಸುವ ಮೊದಲಾಗಿದ್ದರೆ ಓಡುತ್ತಿರುವ ಪ್ರೋಗ್ರಾಂಗಳ ವಿವರ ತೋರಿಸುವ ‘ಪ್ರೊಕ್’ ಫೋಲ್ಡರ್ ಒಳಗಿಂದ ಆ ಚೀಟಿಯಿಲ್ಲದ ಪುಸ್ತಕವನ್ನು ನಕಲು ಮಾಡಿಕೊಳ್ಳಬಹುದಿತ್ತು. ಅದು ಗೊತ್ತಾಗಿದ್ದು ಬೆಳಿಗ್ಗೆ, ಕರೆಂಟ್ ಬಂದ ಮೇಲೆ.